ಶಾಲಾ ದಿನದ ಅವಧಿ ಮತ್ತು ದ್ವಿಭಾಷಾ ಪ್ರಾಥಮಿಕ ಶಿಕ್ಷಣದಲ್ಲಿ ಇಂಗ್ಲಿಷ್ ಬೋಧನೆ: ವಾಡಿ ಪರಿಸರವನ್ನು ಅನುಲಕ್ಷಿಸಿ

ಪ್ರವೇಶ

ಕರ್ನಾಟಕದ ಪ್ರಾಥಮಿಕ ಶಿಕ್ಷಣವನ್ನು ಕುರಿತ ಚರ್ಚೆಗಳಲ್ಲಿ ಬೋಧನಾ ಮಾಧ್ಯಮದ ಪ್ರಶ್ನೆ ಕಳೆದ ನಾಲ್ಕು ದಶಕಗಳಿಂದ ಪ್ರಧಾನ ಸ್ಥಾನದಲ್ಲಿದೆ. 1981ರ ಗೋಕಾಕ್ ವರದಿ, 1982ರ ಚಳವಳಿ, 1994ರ ಭಾಷಾ ನೀತಿಯ ಆದೇಶ, ಆ ಆದೇಶವನ್ನು ಕುರಿತ 2008ರ ಉಚ್ಚ ನ್ಯಾಯಾಲಯದ ಹಾಗೂ 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಇವೆಲ್ಲವೂ 'ಯಾವ ಭಾಷೆಯಲ್ಲಿ ಕಲಿಸಬೇಕು' ಎಂಬ ಪ್ರಶ್ನೆಯ ಸುತ್ತಲೇ ನಿಂತಿವೆ. ಕನ್ನಡ ಅಧ್ಯಯನ ವಿಭಾಗಗಳೂ ಈ ಪ್ರಶ್ನೆಗೆ ಸಾಕಷ್ಟು ಗಮನ ನೀಡಿವೆ. ಆದರೆ ಇದರೊಡನೆಯೇ ಇರಬೇಕಾಗಿದ್ದ ಇನ್ನೊಂದು ಪ್ರಶ್ನೆ, ಅಂದರೆ 'ಆ ಭಾಷೆಗೆ ಎಷ್ಟು ಹೊತ್ತು ಸಿಗುತ್ತದೆ' ಎಂಬುದು, ಆಡಳಿತದ ವಿಷಯವೆಂಬಂತೆ ಮುಖ್ಯೋಪಾಧ್ಯಾಯರ ಕೋಣೆಯ ವೇಳಾಪಟ್ಟಿಗೆ ಸೀಮಿತವಾಗಿ ಉಳಿದಿದೆ.

ಇಂಗ್ಲಿಷ್ ಕಲಿಕೆ ದುರ್ಬಲವಾಗಿದೆ ಎಂದಾಗಲೆಲ್ಲ ಸಾಮಾನ್ಯವಾಗಿ ಸೂಚಿತವಾಗುವ ಪರಿಹಾರ ಎರಡು. ಒಂದು, ಇಂಗ್ಲಿಷನ್ನು ಇನ್ನೂ ಬೇಗ ಆರಂಭಿಸುವುದು. ಎರಡು, ಇನ್ನೂ ಹೆಚ್ಚು ಹೊತ್ತು ಕಲಿಸುವುದು. ಮೊದಲನೆಯದು 2007-08ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವುದರೊಂದಿಗೆ ಜಾರಿಗೆ ಬಂದಿತು. ಎರಡನೆಯದು ವಿಶೇಷ ತರಗತಿ, ಸಂಜೆಯ ತರಗತಿ, ರಜಾ ಶಿಬಿರ, ಮನೆಪಾಠ ಮುಂತಾದ ರೂಪಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಶಾಲಾ ದಿನವನ್ನು ಹಿಗ್ಗಿಸಿದರೆ ದ್ವಿಭಾಷಾ ವಿಭಾಗಗಳಲ್ಲಿ ಇಂಗ್ಲಿಷ್ ಬೋಧನೆಯ ಮೇಲೆ ಆಗುವ ಪರಿಣಾಮವೇನು ಎಂಬುದನ್ನು ಕಲಬುರಗಿ ಜಿಲ್ಲೆಯ ವಾಡಿ ಹಾಗೂ ಅದರ ನೆರೆಯ ಚಿತ್ತಾಪುರ, ಶಹಾಬಾದ, ಸೇಡಂ, ಚಿಂಚೋಳಿ ಪ್ರದೇಶವನ್ನು ಕಣ್ಣ ಮುಂದೆ ಇಟ್ಟುಕೊಂಡು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

1. ಕಾಲದ ಲೆಕ್ಕ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ (2009) 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಹಾಗೂ 800 ಬೋಧನಾ ಗಂಟೆಗಳು, ಆರರಿಂದ ಎಂಟನೆಯ ತರಗತಿಯವರೆಗೆ 220 ದಿನ ಹಾಗೂ 1,000 ಬೋಧನಾ ಗಂಟೆಗಳು ಇರಬೇಕು. ಇದನ್ನು ದಿನಕ್ಕೆ ಹಂಚಿದರೆ ಕಿರಿಯ ತರಗತಿಗಳಿಗೆ ನಾಲ್ಕು ಗಂಟೆ, ಹಿರಿಯ ತರಗತಿಗಳಿಗೆ ನಾಲ್ಕೂವರೆ ಗಂಟೆಗಳಷ್ಟು ಬೋಧನೆ ದೊರೆಯುತ್ತದೆ. ಪ್ರಾರ್ಥನೆ, ಹಾಜರಿ, ಬಿಸಿಯೂಟ, ವಿರಾಮ ಇವು ಸೇರಿದಾಗ ಮಗು ಶಾಲೆಯ ಆವರಣದಲ್ಲಿ ಇರುವ ಹೊತ್ತು ಇದಕ್ಕಿಂತ ಹೆಚ್ಚು. ಆದ್ದರಿಂದ 'ಶಾಲಾ ದಿನ' ಮತ್ತು 'ಬೋಧನಾ ಕಾಲ' ಒಂದೇ ಅಲ್ಲ ಎಂಬುದನ್ನು ಆರಂಭದಲ್ಲಿಯೇ ಗಮನಿಸಬೇಕು.

ಉದಾಹರಣೆಗಾಗಿ, ಕಿರಿಯ ಪ್ರಾಥಮಿಕ ತರಗತಿಯೊಂದರಲ್ಲಿ ದಿನಕ್ಕೆ ನಲವತ್ತು ನಿಮಿಷದ ಒಂದು ಅವಧಿ ಇಂಗ್ಲಿಷಿಗೆ ದೊರೆಯುತ್ತದೆ ಎಂದು ಭಾವಿಸೋಣ. 200 ದಿನಗಳಿಗೆ ಅದು ಸುಮಾರು 133 ಗಂಟೆ. ಐದು ವರ್ಷಗಳಿಗೆ ಸುಮಾರು 667 ಗಂಟೆ. ತೊಗರಿ ಕೊಯ್ಲಿನ ಕಾಲದಲ್ಲಿ ಅಥವಾ ತಂದೆತಾಯಿಯರೊಂದಿಗೆ ಗುಳೆ ಹೋಗಿ ಐವತ್ತು ದಿನ ಶಾಲೆ ತಪ್ಪಿಸಿಕೊಂಡ ಮಗುವಿಗೆ ವರ್ಷದ 133 ಗಂಟೆ 100 ಗಂಟೆಗೆ ಇಳಿಯುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಒಬ್ಬ ಶಿಕ್ಷಕಿ ಒಂದೇ ಕೋಣೆಯಲ್ಲಿ ಮೂರು ತರಗತಿಗಳನ್ನು ನೋಡಿಕೊಳ್ಳುವ ಬಹುವರ್ಗ ಶಾಲೆಯಲ್ಲಿ ಈ ನಲವತ್ತು ನಿಮಿಷವೂ ಹಂಚಿಹೋಗುತ್ತದೆ.

ಇನ್ನೂ ಒಳಹೊಕ್ಕು ನೋಡಿದರೆ ಬೇರೊಂದು ಸಂಗತಿ ತಿಳಿಯುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಅವಧಿಯ ಅರ್ಧ ಭಾಗವನ್ನು, ಅಂದರೆ ಇಪ್ಪತ್ತು ನಿಮಿಷಗಳನ್ನು, ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು ಮಾತಾಡುವುದಕ್ಕೆ ಬಿಟ್ಟುಕೊಟ್ಟರೂ ಒಂದು ಮಗುವಿಗೆ ಸಿಗುವುದು ನಲವತ್ತು ಸೆಕೆಂಡು. ಅವಧಿಯನ್ನು ಎರಡರಷ್ಟು ಮಾಡಿ ಎಂಬತ್ತು ನಿಮಿಷಗಳಿಗೆ ಏರಿಸಿದರೆ ಅದು ಎಂಬತ್ತು ಸೆಕೆಂಡಾಗುತ್ತದೆ. ಆದರೆ ಅವಧಿಯನ್ನು ಹಿಗ್ಗಿಸದೆ, ಹತ್ತು ನಿಮಿಷ ಮಾತ್ರ ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿ ಮಾತಾಡಿಸಿದರೆ ಪ್ರತಿ ಮಗುವಿಗೂ ಐದು ನಿಮಿಷ ಸಿಗುತ್ತದೆ. ಕಾಲವನ್ನು ಸೇರಿಸುವುದಕ್ಕಿಂತ ಕಾಲವನ್ನು ಹಂಚುವ ಕ್ರಮ ಎಷ್ಟು ನಿರ್ಣಾಯಕವೆಂಬುದು ಈ ಸರಳ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

2. ದ್ವಿಭಾಷಾ ವಿಭಾಗಗಳ ಹಿನ್ನೆಲೆ

ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸುವ ಸೌಲಭ್ಯವನ್ನು ಒದಗಿಸುವಂತೆ ಸೂಚಿಸುತ್ತದೆ. ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣ 'ಸಾಧ್ಯವಾದ ಮಟ್ಟಿಗೆ' ಮಗುವಿನ ಮಾತೃಭಾಷೆಯೇ ಮಾಧ್ಯಮವಾಗಿರಬೇಕು ಎನ್ನುತ್ತದೆ. 1994ರ ರಾಜ್ಯ ಆದೇಶ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವೆಂದು ವಿಧಿಸಿತ್ತು. ಮಾಧ್ಯಮದ ಆಯ್ಕೆ ಪಾಲಕರಿಗೆ ಸೇರಿದ್ದು ಎಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ತೀರ್ಪು ನೀಡಿದ ಮೇಲೆ ಖಾಸಗಿ ಶಾಲೆಗಳ ಮೇಲೆ ಆ ನಿಯಮವನ್ನು ಹೇರುವುದು ಸಾಧ್ಯವಾಗದೆ ಹೋಯಿತು.

ಇದರ ನಂತರದ ಬೆಳವಣಿಗೆಯೇ ಸರ್ಕಾರಿ ಶಾಲೆಗಳಲ್ಲಿನ ಇಂಗ್ಲಿಷ್ ಮಾಧ್ಯಮ ವಿಭಾಗಗಳು. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಜೊತೆಯಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಆರಂಭವಾದವು. 2024-25ನೆಯ ಸಾಲಿನ ಆಯವ್ಯಯದಲ್ಲಿ ಎರಡು ಸಾವಿರ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಕನ್ನಡ-ಇಂಗ್ಲಿಷ್ ದ್ವಿಭಾಷಾ ಶಾಲೆಗಳನ್ನಾಗಿ ಪರಿವರ್ತಿಸುವ ಘೋಷಣೆಯಾಯಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ದ್ವಿಭಾಷಾ ಸೂತ್ರವನ್ನೂ, ಕನಿಷ್ಠ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮವನ್ನೂ ಶಿಫಾರಸು ಮಾಡಿದೆ. ಹೀಗೆ ಒಂದು ಕಡೆ ಮಾಧ್ಯಮವಾಗಿ ಇಂಗ್ಲಿಷನ್ನು ತರುವ ಪ್ರಯತ್ನ, ಇನ್ನೊಂದು ಕಡೆ ಮಾತೃಭಾಷೆಯನ್ನು ಉಳಿಸಿಕೊಳ್ಳುವ ಶಿಫಾರಸು ಏಕಕಾಲದಲ್ಲಿ ನಡೆಯುತ್ತಿವೆ. ಎರಡನ್ನೂ ಒಂದೇ ಶಾಲಾ ದಿನದಲ್ಲಿ ಹೇಗೆ ಹೊಂದಿಸಬೇಕೆಂಬುದು ಮಾತ್ರ ತರಗತಿಯ ಶಿಕ್ಷಕರ ಪಾಲಿಗೆ ಬಿಟ್ಟ ಸಮಸ್ಯೆಯಾಗಿದೆ.

ಇಲ್ಲಿ 'ದ್ವಿಭಾಷಾ' ಎಂಬ ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಎರಡು ಭಾಷೆಗಳನ್ನು ವಿಷಯಗಳಾಗಿ ಕಲಿಸುವುದು ಒಂದು ಬಗೆ. ಎರಡು ಭಾಷೆಗಳ ಮೂಲಕ ಗಣಿತ, ಪರಿಸರ ಅಧ್ಯಯನ ಮುಂತಾದ ವಿಷಯಗಳನ್ನು ಕಲಿಸುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಇಂಗ್ಲಿಷಿನ ಕಾಲವನ್ನು ಸುಲಭವಾಗಿ ಎಣಿಸಬಹುದು. ಎರಡನೆಯದರಲ್ಲಿ ಅದು ಕಷ್ಟ. ಗಣಿತದ ಪುಸ್ತಕ ಇಂಗ್ಲಿಷಿನಲ್ಲಿಯೂ ಇದೆ ಎಂದ ಮಾತ್ರಕ್ಕೆ ಗಣಿತದ ಅವಧಿ ಇಂಗ್ಲಿಷಿನ ಅವಧಿಯಾಗುವುದಿಲ್ಲ. ಶಿಕ್ಷಕರು ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ, ಕೊನೆಗೆ ಸಂಖ್ಯೆಗಳ ಹೆಸರು ಮತ್ತು ಒಂದೆರಡು ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಹೇಳಿಸುವುದು ಸಹಜವಾದ ಕ್ರಮ. ಅದು ತಪ್ಪೂ ಅಲ್ಲ. ಆದರೆ ಕಡತದಲ್ಲಿ ಆ ಅವಧಿ 'ಇಂಗ್ಲಿಷ್ ಮಾಧ್ಯಮ' ಎಂದು ದಾಖಲಾದಾಗ ಮಗು ನಿಜವಾಗಿ ಕೇಳಿದ ಇಂಗ್ಲಿಷಿಗೂ ಕಾಗದದ ಇಂಗ್ಲಿಷಿಗೂ ನಡುವೆ ದೊಡ್ಡ ಅಂತರ ಏರ್ಪಡುತ್ತದೆ.

3. ವಾಡಿ ಪರಿಸರದ ಭಾಷಿಕ ಸ್ವರೂಪ

ಚಿತ್ತಾಪುರ ತಾಲ್ಲೂಕಿಗೆ ಸೇರಿದ ವಾಡಿ ರೈಲಿನಿಂದ ಬೆಳೆದ ಊರು. ಮುಂಬಯಿ-ಮದರಾಸು ಮಾರ್ಗದಿಂದ ಹೈದರಾಬಾದಿನ ಕಡೆಗೆ ಹೊರಳುವ ನಿಜಾಮರ ರೈಲು ಮಾರ್ಗ 1874ರಲ್ಲಿ ಇಲ್ಲಿಂದ ಆರಂಭವಾಯಿತು. ಸುಣ್ಣದ ಕಲ್ಲಿನ ನಿಕ್ಷೇಪದ ಮೇಲೆ ನಿಂತ ಎ.ಸಿ.ಸಿ. ಸಿಮೆಂಟ್ ಕಾರ್ಖಾನೆ 1968ರಿಂದ ಇಲ್ಲಿದೆ. ಶಹಾಬಾದಿನ ಪರ್ಸಿ ಕಲ್ಲು, ಸೇಡಂ ಮತ್ತು ಮಳಖೇಡ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳು, ಚಿಂಚೋಳಿಯ ತಾಂಡಾಗಳು, ಎಲ್ಲೆಡೆಯ ತೊಗರಿ ಹೊಲಗಳು ಸೇರಿ ಈ ಪ್ರದೇಶದ ಬದುಕನ್ನು ರೂಪಿಸಿವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಚಿತ್ತಾಪುರ, ಸೇಡಂ, ಚಿಂಚೋಳಿ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ಇರಿಸಿತ್ತು.

ರೈಲು ಮತ್ತು ಕಾರ್ಖಾನೆ ಹಲವು ಭಾಷೆಗಳನ್ನು ಒಂದೆಡೆ ಸೇರಿಸಿದವು. ಕಲಬುರಗಿ ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ, ಉತ್ತರದಿಂದ ಬಂದ ನೌಕರರ ಹಿಂದಿ ಇವೆಲ್ಲ ಇಲ್ಲಿನ ಮನೆಮಾತುಗಳು. ಲಂಬಾಣಿ ನುಡಿಯನ್ನು ಜನಗಣತಿ ಹಿಂದಿಯ ಗುಂಪಿನಲ್ಲಿ ಎಣಿಸುವುದರಿಂದ ತಾಂಡಾದ ಮಗುವಿನ ಮನೆಮಾತು ಅಂಕಿ-ಅಂಶಗಳಲ್ಲಿ ಪ್ರತ್ಯೇಕವಾಗಿ ಎದ್ದು ಕಾಣುವುದಿಲ್ಲ. ಇಂಥ ಮಗುವಿಗೆ ಕನ್ನಡ-ಇಂಗ್ಲಿಷ್ 'ದ್ವಿಭಾಷಾ' ಶಾಲೆ ವಾಸ್ತವವಾಗಿ ತ್ರಿಭಾಷಾ ಶಾಲೆ. ಮೊದಲು ಕನ್ನಡವನ್ನು ಕಲಿತು, ಆ ಕನ್ನಡದ ಮೂಲಕ ಇಂಗ್ಲಿಷನ್ನು ಕಲಿಯಬೇಕಾದ ಸ್ಥಿತಿ ಅದರದು.

ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವಿಗೂ ಪಠ್ಯದ ಕನ್ನಡ ತುಸು ದೂರದ್ದೇ. 'ಮಾಡ್ಲಾಕತ್ತಾನ' ಎನ್ನುವ ಮಗು ಪುಸ್ತಕದಲ್ಲಿ 'ಮಾಡುತ್ತಿದ್ದಾನೆ' ಎಂದು ಓದುತ್ತದೆ. 'ಸಾಲಿ' ಎಂದು ಕರೆಯುವುದನ್ನು 'ಶಾಲೆ' ಎಂದು ಬರೆಯುತ್ತದೆ. ಆಸ್ಪತ್ರೆ ಅದಕ್ಕೆ 'ದವಾಖಾನಿ'. ಕನ್ನಡವು ಒಂದಲ್ಲ, ಹಲವು ಎಂಬ ಅರಿವನ್ನು ಇದೇ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಕವಿರಾಜಮಾರ್ಗ ಪ್ರಕಟಿಸಿತ್ತು ಎಂಬುದು ಇಲ್ಲಿ ಸ್ಮರಣೀಯ. ಪ್ರಾಥಮಿಕ ತರಗತಿಯ ವೇಳಾಪಟ್ಟಿ ಆ ಅರಿವಿಗೆ ಇನ್ನೂ ಸ್ಥಳ ಮಾಡಿಕೊಟ್ಟಿಲ್ಲ.

ಇದರೊಂದಿಗೆ ಈ ಪ್ರದೇಶದ ಶಿಕ್ಷಣದ ಇತಿಹಾಸವನ್ನೂ ಗಮನಿಸಬೇಕು. 1948ರ ಸೆಪ್ಟೆಂಬರ್‌ವರೆಗೆ ಈ ಭಾಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಮಾಧ್ಯಮವಾಗಿತ್ತು, ಇಂಗ್ಲಿಷ್ ಕಡ್ಡಾಯ ವಿಷಯವಾಗಿತ್ತು. ಕನ್ನಡದ ಮಕ್ಕಳು ಮನೆಯಲ್ಲಿ ಆಡದ ನುಡಿಯಲ್ಲಿ ಓದಿ ಮೇಲೆ ಬರಬೇಕಾಗಿತ್ತು. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಸಂಸ್ಥೆಗಳ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. ಶಾಲೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆ ಎಂಬ ಅನುಭವ ಇಲ್ಲಿನ ಸಮಾಜಕ್ಕೆ ಹೊಸತಲ್ಲ. ಇಂಗ್ಲಿಷ್ ಆ ಅನುಭವದ ಇತ್ತೀಚಿನ ರೂಪ.

4. ದೀರ್ಘ ಶಾಲಾ ದಿನ: ಅನ್ಯ ದೇಶಗಳ ಅನುಭವ

ಶಾಲಾ ದಿನವನ್ನು ಹಿಗ್ಗಿಸಿದ ದೇಶಗಳಲ್ಲಿ ಚಿಲಿ ಪ್ರಮುಖವಾದುದು. 1997ರ ಕಾಯಿದೆಯ ಮೂಲಕ ಅಲ್ಲಿ ಪಾಳಿ ಪದ್ಧತಿಯನ್ನು ಬಿಟ್ಟು ಪೂರ್ಣ ದಿನದ ಶಾಲೆಯನ್ನು ಜಾರಿಗೆ ತರಲಾಯಿತು. ಮೂರರಿಂದ ಎಂಟನೆಯ ತರಗತಿಯವರೆಗೆ ವಾರದ ಅವಧಿಗಳು 30ರಿಂದ 38ಕ್ಕೆ ಏರಿದವು. ನಂತರ ನಡೆದ ಅಧ್ಯಯನಗಳು ಕಲಿಕೆಯಲ್ಲಿ ಸುಧಾರಣೆಯನ್ನು ಗುರುತಿಸಿದರೂ ಅದು ವೆಚ್ಚ ಮತ್ತು ನಿರೀಕ್ಷೆಗೆ ಹೋಲಿಸಿದರೆ ಸಣ್ಣದೇ ಆಗಿತ್ತು. ಇಟಲಿಯಲ್ಲಿ 1971ರ ಕಾಯಿದೆಯಿಂದ ಬೆಳೆದ ಪೂರ್ಣಕಾಲಿಕ ಪ್ರಾಥಮಿಕ ಶಾಲೆಯಲ್ಲಿ ವಾರಕ್ಕೆ ನಲವತ್ತು ಗಂಟೆ, ಮಧ್ಯಾಹ್ನದ ಊಟ, ತರಗತಿಗೆ ಇಬ್ಬರು ಶಿಕ್ಷಕರು ಇದ್ದರು. ಅಲ್ಲಿ ಹೆಚ್ಚಿದ್ದು ಬರೀ ಹೊತ್ತಲ್ಲ, ಶಿಕ್ಷಕರ ಸಂಖ್ಯೆಯೂ ಹೆಚ್ಚಿತು ಎಂಬುದು ಗಮನಾರ್ಹ.

ಭಾಷಾ ಕಲಿಕೆಗೆ ಸಂಬಂಧಿಸಿದ ಅಧ್ಯಯನಗಳು ಇನ್ನೂ ನೇರವಾದ ತಿಳಿವಳಿಕೆ ನೀಡುತ್ತವೆ. ಕೆನಡಾದ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಆರಂಭದಿಂದಲೇ ಫ್ರೆಂಚ್ ಮಾಧ್ಯಮದಲ್ಲಿ ಬೋಧಿಸುವ ಪ್ರಯೋಗ ನಡೆಯಿತು. ಮಕ್ಕಳು ಫ್ರೆಂಚನ್ನು ಚೆನ್ನಾಗಿ ಕಲಿತರು, ಇಂಗ್ಲಿಷಿನಲ್ಲಿಯೂ ಹಿಂದುಳಿಯಲಿಲ್ಲ. ಇಂಗ್ಲಿಷ್ ಮಾಧ್ಯಮದ ಪರವಾಗಿ ಈ ಪ್ರಯೋಗವನ್ನು ಆಗಾಗ ಎತ್ತಿ ಹೇಳುವುದುಂಟು. ಆದರೆ ಆ ಮಕ್ಕಳ ಮನೆಮಾತು ಇಡೀ ಖಂಡದ ಪ್ರಬಲ ಭಾಷೆ. ಮನೆಯಲ್ಲಿ ಪುಸ್ತಕವಿತ್ತು, ಪಾಲಕರು ತಾವೇ ಆ ಪ್ರಯೋಗವನ್ನು ಬೇಡಿ ಪಡೆದಿದ್ದರು, ಶಿಕ್ಷಕರಿಗೆ ಫ್ರೆಂಚ್ ಕರಗತವಾಗಿತ್ತು. ಈ ಷರತ್ತುಗಳಲ್ಲಿ ಒಂದೂ ಕಲ್ಲಿನ ಗಣಿಯ ಕಾರ್ಮಿಕರ ಮಗುವಿಗೆ ಅನ್ವಯಿಸುವುದಿಲ್ಲ.

ಇದಕ್ಕೆ ಎದುರಾಗಿ ನೈಜೀರಿಯಾದ ಇಫೆಯಲ್ಲಿ 1970ರಿಂದ ನಡೆದ ಪ್ರಯೋಗವನ್ನು ಇಡಬಹುದು. ಬಾಬ್ಸ್ ಫಾಫುನ್ವಾ ಅವರ ನೇತೃತ್ವದ ಈ ಯೋಜನೆಯಲ್ಲಿ ಒಂದು ಗುಂಪಿನ ಮಕ್ಕಳು ಆರು ವರ್ಷವೂ ಯೊರುಬಾ ಮಾಧ್ಯಮದಲ್ಲಿ ಓದಿದರು, ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಪರಿಣತ ಶಿಕ್ಷಕರಿಂದ ಕಲಿತರು. ಇನ್ನೊಂದು ಗುಂಪು ಮೂರು ವರ್ಷಗಳ ನಂತರ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿತು. ಇಂಗ್ಲಿಷಿಗೆ ಕಡಿಮೆ ಹೊತ್ತು ಪಡೆದ ಮೊದಲ ಗುಂಪು ಇಂಗ್ಲಿಷಿನಲ್ಲಿಯೂ ಹಿಂದೆ ಬೀಳಲಿಲ್ಲ. ಒಂದು ಭಾಷೆಯಲ್ಲಿ ಗಳಿಸಿದ ಓದುವ, ತರ್ಕಿಸುವ ಸಾಮರ್ಥ್ಯ ಇನ್ನೊಂದು ಭಾಷೆಗೆ ದಾಟಿಬರುತ್ತದೆ ಎಂಬ ಜಿಮ್ ಕಮಿನ್ಸ್ ಅವರ ಪ್ರತಿಪಾದನೆಗೆ ಇಂಥ ಫಲಿತಾಂಶಗಳು ಆಧಾರವಾಗಿವೆ. ಕಾಲ ಹೆಚ್ಚಿದಷ್ಟೂ ಕಲಿಕೆ ಹೆಚ್ಚುತ್ತದೆ ಎಂಬ ನೇರ ಸಮೀಕರಣ ಎರಡನೆಯ ಭಾಷೆಯ ವಿಷಯದಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ವಾದ.

'ಬೇಗ ಆರಂಭಿಸಬೇಕು' ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. ಕ್ಯಾಟಲನ್ ಮತ್ತು ಸ್ಪ್ಯಾನಿಷ್ ಎರಡನ್ನೂ ಬಲ್ಲ ಬಾರ್ಸಿಲೋನಾದ ಮಕ್ಕಳನ್ನು ಕುರಿತು ಕಾರ್ಮೆನ್ ಮುನ್ಯೋಸ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟನೆಯ ವಯಸ್ಸಿನಲ್ಲಿ ಇಂಗ್ಲಿಷ್ ಆರಂಭಿಸಿದವರಿಗಿಂತ ಹನ್ನೊಂದನೆಯ ವಯಸ್ಸಿನಲ್ಲಿ ಆರಂಭಿಸಿದವರು ಅಷ್ಟೇ ಗಂಟೆಗಳ ಬೋಧನೆಯ ನಂತರ ಮುಂದಿದ್ದುದು ಕಂಡುಬಂದಿತು. ಮ್ಯಾಡ್ರಿಡ್ ಪ್ರಾಂತದಲ್ಲಿ 2004ರಲ್ಲಿ ಆರಂಭವಾದ ದ್ವಿಭಾಷಾ ಶಾಲೆಗಳನ್ನು ಕುರಿತ ಆಂಘೆಲ್, ಕಾಬ್ರಾಲೆಸ್ ಮತ್ತು ಕಾರೊ ಅವರ 2016ರ ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಹೆಚ್ಚು ಓದಿರದ ಪಾಲಕರ ಮಕ್ಕಳು ಇಂಗ್ಲಿಷಿನ ಮೂಲಕ ಬೋಧಿಸಿದ ವಿಷಯದ ಜ್ಞಾನದಲ್ಲಿ ಹಿಂದೆ ಬಿದ್ದಿದ್ದರು. ಅಂದರೆ ದ್ವಿಭಾಷಾ ಶಾಲೆಯ ಬೆಲೆಯನ್ನು ಎಲ್ಲ ಮಕ್ಕಳೂ ಸಮಾನವಾಗಿ ತೆರುವುದಿಲ್ಲ. ಓದಿಲ್ಲದ ಮನೆಯ ಮಗು ಹೆಚ್ಚು ತೆರುತ್ತದೆ.

5. ಹೆಚ್ಚುವರಿ ಗಂಟೆ ಎಲ್ಲಿಗೆ ಹೋಗುತ್ತದೆ?

ಶಾಲಾ ದಿನಕ್ಕೆ ಒಂದು ಗಂಟೆಯನ್ನು ಸೇರಿಸಿದರೆ ವರ್ಷಕ್ಕೆ 200 ಗಂಟೆ ದೊರೆಯುತ್ತದೆ. ಇದು ಮೇಲೆ ಲೆಕ್ಕ ಹಾಕಿದ ವಾರ್ಷಿಕ ಇಂಗ್ಲಿಷ್ ಕಾಲದ ಒಂದೂವರೆ ಪಟ್ಟು. ಅಲ್ಪವಾದುದಲ್ಲ. ಆದರೆ ಈ ಗಂಟೆ ತರಗತಿಯಲ್ಲಿ ಯಾವ ರೂಪ ತಾಳುತ್ತದೆ ಎಂಬುದರ ಮೇಲೆ ಅದರ ಫಲ ನಿಂತಿದೆ. ಇದನ್ನು ನಾಲ್ಕು ಅಂಶಗಳಲ್ಲಿ ನೋಡಬಹುದು.

ಮೊದಲನೆಯದು ಶಿಕ್ಷಕರ ಶಕ್ತಿ. ಕಾಯಿದೆಯ ಅನುಸೂಚಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸವನ್ನು ಗೊತ್ತುಪಡಿಸಿದೆ, ಪಾಠದ ಪೂರ್ವಸಿದ್ಧತೆಯೂ ಅದರಲ್ಲಿ ಸೇರಿದೆ. ತರಗತಿಯ ಹೊತ್ತು ಹೆಚ್ಚಿದಾಗ ಮೊದಲು ಕುಗ್ಗುವುದು ಪೂರ್ವಸಿದ್ಧತೆಯ ಹೊತ್ತು. ಇಂಗ್ಲಿಷ್ ಅವಧಿಗೆ ಸಿದ್ಧತೆ ಉಳಿದ ವಿಷಯಗಳಿಗಿಂತ ಹೆಚ್ಚು ಬೇಕು. ಕನ್ನಡ ಮಾಧ್ಯಮದಲ್ಲಿಯೇ ಓದಿ ಬಂದ ಶಿಕ್ಷಕರು ಪಾಠದ ವಾಕ್ಯಗಳನ್ನು ತಾವೇ ಗಟ್ಟಿಯಾಗಿ ಆಡಿ ನೋಡಿಕೊಳ್ಳಬೇಕು. ಅದಕ್ಕೆ ಹೊತ್ತಿಲ್ಲದಾಗ ಹೆಚ್ಚುವರಿ ಗಂಟೆ ಕರಿಹಲಗೆಯ ಮೇಲಿನ ಪ್ರಶ್ನೋತ್ತರಗಳನ್ನು ನಕಲು ಮಾಡಿಸುವುದರಲ್ಲಿ, ಕಾಗುಣಿತದಂತೆ ಪದಗಳ ಅಕ್ಷರಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ಮುಗಿಯುತ್ತದೆ. ನೋಟುಪುಸ್ತಕ ತುಂಬುತ್ತದೆ, ಮಾತು ಹುಟ್ಟುವುದಿಲ್ಲ.

ಎರಡನೆಯದು ಮಗುವಿನ ದಣಿವು. ಕಲಬುರಗಿ ಜಿಲ್ಲೆಯ ಬಿಸಿಲು ಮಾರ್ಚ್‌ನಿಂದಲೇ ತೀವ್ರವಾಗುತ್ತದೆ. ಹಾಸುಗಲ್ಲಿನ ಮನೆ, ತಗಡಿನ ಮಾಡು, ಕಾರ್ಖಾನೆಯ ಧೂಳು ಇವುಗಳ ನಡುವಿನಿಂದ ಬಂದ ಆರು ವರ್ಷದ ಮಗು ಮಧ್ಯಾಹ್ನದ ಕೊನೆಯ ಅವಧಿಯಲ್ಲಿ ಹೊಸ ಭಾಷೆಗೆ ಕಿವಿಗೊಡುವುದು ಕಷ್ಟ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿಯೇ ಮೊದಲು ಆರಂಭವಾದ ಅಕ್ಷರ ದಾಸೋಹ ಮಧ್ಯಾಹ್ನದ ಅವಧಿಗೆ ಜೀವ ತುಂಬಿತು. ಹಸಿದು ಮನೆಗೆ ಹೋಗಿ ಹಿಂದಿರುಗದಿದ್ದ ಮಕ್ಕಳನ್ನು ಅದು ಶಾಲೆಯಲ್ಲಿ ಉಳಿಸಿತು. ಶಾಲಾ ದಿನವನ್ನು ನಿಜವಾಗಿ ಉದ್ದವಾಗಿಸಿದ್ದು ಗಡಿಯಾರವಲ್ಲ, ಅನ್ನ ಎಂಬುದನ್ನು ಇಲ್ಲಿ ಮರೆಯಲಾಗದು. ಸಂಜೆಗೆ ಇನ್ನೊಂದು ಗಂಟೆ ಸೇರಿಸುವ ಮೊದಲು ಆ ಹೊತ್ತಿಗೆ ತಿನ್ನಲು ಏನಿದೆ, ಕುಡಿಯಲು ನೀರಿದೆಯೇ ಎಂದು ಕೇಳಬೇಕಾಗುತ್ತದೆ.

ಮೂರನೆಯದು ಉಳಿಯಲಾರದ ಮಗು. ತಂದೆತಾಯಿ ಇಬ್ಬರೂ ಕೂಲಿಗೆ ಹೋಗುವ ಮನೆಯಲ್ಲಿ ಸಂಜೆ ತಮ್ಮ ತಂಗಿಯರನ್ನು ನೋಡಿಕೊಳ್ಳುವವಳು ಹಿರಿಯ ಹುಡುಗಿ. ತಾಂಡಾದಿಂದ ನಡೆದು ಬರುವ ಮಕ್ಕಳು ಕತ್ತಲಾಗುವ ಮೊದಲು ಮನೆ ಸೇರಬೇಕು. ಹೆಚ್ಚುವರಿ ತರಗತಿ ಐಚ್ಛಿಕವಾದಾಗ ಉಳಿಯುವವರು ಈಗಾಗಲೇ ಮುಂದಿರುವವರು. ಹಿಂದೆ ಉಳಿದವರಿಗಾಗಿ ಎಂದು ಆರಂಭವಾದ ಗಂಟೆ ಮುಂದಿರುವವರ ಗಂಟೆಯಾಗಿ ಮಾರ್ಪಡುತ್ತದೆ, ತರಗತಿಯೊಳಗಿನ ಅಂತರ ಕಿರಿದಾಗುವ ಬದಲು ಹಿರಿದಾಗುತ್ತದೆ.

ನಾಲ್ಕನೆಯದು ಕನ್ನಡದ ಅವಧಿ. ಶಾಲಾ ದಿನವನ್ನು ಹಿಗ್ಗಿಸದೆ ಇಂಗ್ಲಿಷಿಗೆ ಹೊತ್ತು ಹುಡುಕಿದರೆ ಅದು ಕನ್ನಡ, ಚಿತ್ರಕಲೆ, ಆಟ, ಕಥೆ ಹೇಳುವ ಅವಧಿಗಳಿಂದ ಬರುತ್ತದೆ. ದಿನವನ್ನು ಹಿಗ್ಗಿಸಿದರೆ ಈ ಕಸಿದುಕೊಳ್ಳುವಿಕೆ ತಪ್ಪುತ್ತದೆ ಎಂಬುದು ದೀರ್ಘ ಶಾಲಾ ದಿನದ ಪರವಾಗಿರುವ ಅತ್ಯಂತ ಬಲವಾದ ವಾದ. ಇದನ್ನು ಒಪ್ಪಬೇಕು. ಆದರೆ ಹೆಚ್ಚಿದ ಹೊತ್ತಿನಲ್ಲಿ ಕನ್ನಡಕ್ಕೂ ಪಾಲು ಸಿಕ್ಕಾಗ ಮಾತ್ರ ಆ ವಾದ ಪೂರ್ಣವಾಗುತ್ತದೆ.

ರಜೆಯ ಹೊತ್ತನ್ನು ಕಲಿಕೆಗೆ ಬಳಸಿದ ಒಂದು ನಿದರ್ಶನ ಇತ್ತೀಚೆಗೆ ರಾಜ್ಯದಾದ್ಯಂತ ದೊರೆತಿದೆ. ಕೊರೋನಾ ಕಾಲದಲ್ಲಿ ಮುಚ್ಚಿದ್ದ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ನಷ್ಟವನ್ನು ತುಂಬಲು 2022-23ನ್ನು 'ಕಲಿಕಾ ಚೇತರಿಕೆ' ವರ್ಷವೆಂದು ಸಾರಿ, ಶಾಲೆಗಳನ್ನು ಹದಿನೈದು ದಿನ ಮುಂಚಿತವಾಗಿ, ಮೇ 16ರಂದೇ ತೆರೆಯಲಾಯಿತು. ಆ ಕಾರ್ಯಕ್ರಮದ ಮಹತ್ವ ಕೇವಲ ಹದಿನೈದು ದಿನಗಳಲ್ಲಿಲ್ಲ. ತರಗತಿಯ ಪಠ್ಯವನ್ನು ಮುಗಿಸುವ ಬದಲು ಮಗು ಇರುವ ಹಂತದಿಂದ ಕಲಿಸಲು ಆ ಹೊತ್ತನ್ನು ಬಿಟ್ಟುಕೊಟ್ಟದ್ದರಲ್ಲಿದೆ. ಹೆಚ್ಚುವರಿ ಕಾಲಕ್ಕೆ ಪ್ರತ್ಯೇಕವಾದ ಉದ್ದೇಶವಿರಬೇಕು ಎಂಬ ತತ್ತ್ವ ಅದರಲ್ಲಿ ಅಡಗಿತ್ತು.

6. ಹೆಚ್ಚುವರಿ ಕಾಲದ ಸಾರ್ಥಕ ಬಳಕೆ

ಮೇಲಿನ ವಿವೇಚನೆಯಿಂದ ದೀರ್ಘ ಶಾಲಾ ದಿನ ನಿರರ್ಥಕವೆಂದು ತೀರ್ಮಾನಿಸಬೇಕಾಗಿಲ್ಲ. ಈ ಪ್ರದೇಶದ ಭಾಷಿಕ ಸ್ವರೂಪವೇ ಕೆಲವು ಸಾಧ್ಯತೆಗಳನ್ನು ತೆರೆಯುತ್ತದೆ.

ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದ ಅಧ್ಯಯನ ಕನ್ನಡ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಅಲ್ಲಿನ ಕನ್ನಡ, ಮರಾಠಿ ಮತ್ತು ಉರ್ದು ಪದಕೋಶದಲ್ಲಿ ಬೇರೆಯಾಗಿದ್ದರೂ ವಾಕ್ಯರಚನೆಯಲ್ಲಿ ಪರಸ್ಪರ ಬಹಳ ಹತ್ತಿರ ಬಂದಿವೆ ಎಂದು ಅವರು ತೋರಿಸಿದರು. ವಾಡಿ ಪರಿಸರದ ಮನೆಮಾತುಗಳಾದ ಕನ್ನಡ, ತೆಲುಗು, ದಖನಿ, ಮರಾಠಿ, ಲಂಬಾಣಿ ಎಲ್ಲವೂ ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿ ಇಡುತ್ತವೆ, ಸಂಬಂಧಸೂಚಕವನ್ನು ನಾಮಪದದ ನಂತರ ಇಡುತ್ತವೆ. 'ಮೇಜಿನ ಮ್ಯಾಲ' ಎನ್ನುವ ಮಗುವೂ 'ಮೇಜ್ ಪರ್' ಎನ್ನುವ ಮಗುವೂ ಇಂಗ್ಲಿಷಿನಲ್ಲಿ ಎದುರಿಸುವ ತೊಡಕು ಒಂದೇ: 'ಆನ್' ಎಂಬುದು ಮೊದಲು ಬರಬೇಕು, 'ಟೇಬಲ್' ನಂತರ ಬರಬೇಕು. ಆದ್ದರಿಂದ ಶಿಕ್ಷಕಿ ಕನ್ನಡದಲ್ಲಿ ನೀಡುವ ಒಂದು ವಿವರಣೆ ಎಲ್ಲ ಮನೆಮಾತುಗಳ ಮಕ್ಕಳಿಗೂ ನೆರವಾಗುತ್ತದೆ. ಕನ್ನಡ ಇಲ್ಲಿ ಇಂಗ್ಲಿಷಿನ ಪ್ರತಿಸ್ಪರ್ಧಿಯಲ್ಲ, ಅದಕ್ಕೆ ಸಾಗುವ ಸೇತುವೆ.

ಆಡುಮಾತಿನ ರೂಪಗಳೂ ಹೀಗೆಯೇ ನೆರವಿಗೆ ಬರುತ್ತವೆ. 'ಮಾಡ್ಲಾಕತ್ತಾನ' ಎಂಬ ರೂಪದಲ್ಲಿ 'ಮಾಡಲು' ಮತ್ತು 'ಹತ್ತು' ಎಂಬ ಎರಡು ಭಾಗಗಳಿವೆ. ಇಂಗ್ಲಿಷಿನ 'ಈಸ್ ಡೂಯಿಂಗ್' ಎಂಬುದರಲ್ಲಿಯೂ ಎರಡು ಭಾಗಗಳಿವೆ. ಒಂದು ಭಾಗ ಕೆಲಸವನ್ನು ಹೇಳುತ್ತದೆ, ಇನ್ನೊಂದು ಅದು ನಡೆಯುತ್ತಿರುವುದನ್ನು ಹೇಳುತ್ತದೆ. ಶಿಷ್ಟ ಕನ್ನಡದ ರೂಪಕ್ಕಿಂತ ಆಡುಗನ್ನಡದ ರೂಪವೇ ಇಲ್ಲಿ ಹೋಲಿಕೆಗೆ ಹೆಚ್ಚು ಅನುಕೂಲ. ಅದೇ ರೀತಿ ರೈಲು ಮತ್ತು ಕಾರ್ಖಾನೆ ಮಗುವಿನ ಬಾಯಿಗೆ ಈಗಾಗಲೇ ಕೊಟ್ಟಿರುವ ಪದಗಳು ಹಲವು: ಡ್ಯೂಟಿ, ಶಿಫ್ಟ್, ಗೇಟ್, ಲೈನ್, ಸಿಗ್ನಲ್, ಪ್ಲಾಟ್‌ಫಾರಂ, ಕ್ವಾರ್ಟರ್ಸ್. ಈ ಪದಗಳಿಂದ ಆರಂಭಿಸಿದ ಇಂಗ್ಲಿಷ್ ಮಗುವಿಗೆ ಪರಕೀಯವೆನಿಸದು. ಸೇಬು, ಹಿಮ, ಅಗ್ಗಿಷ್ಟಿಕೆಗಳಿಂದ ಆರಂಭಿಸುವುದಕ್ಕಿಂತ ಇದು ಸಹಜ.

ಈ ಕೆಲಸಗಳಿಗೆ ಸಾಮಾನ್ಯ ವೇಳಾಪಟ್ಟಿಯಲ್ಲಿ ಬಿಡುವಿಲ್ಲ. ಹೆಚ್ಚುವರಿ ಹೊತ್ತು ದೊರೆತರೆ ಅದನ್ನು ಇವುಗಳಿಗೆ ಮೀಸಲಿಡಬಹುದು. ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ಈ ದೃಷ್ಟಿಯಿಂದ ಉಪಯುಕ್ತ. ನಕಾಶೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿ ಓದಿ ಪ್ರಶ್ನೆಗಳಿಗೆ ಉತ್ತರಿಸುವುದು ಮುಂತಾದ ಕೆಲಸಗಳ ಮೂಲಕ ಭಾಷೆ ಬೆಳೆಯುತ್ತದೆ ಎಂಬುದು ಅದರ ಆಧಾರ. ವಾಡಿಯಂಥ ಜಂಕ್ಷನ್ ಊರಿನ ಮಕ್ಕಳಿಗೆ ರೈಲಿನ ವೇಳಾಪಟ್ಟಿಗಿಂತ ಹತ್ತಿರದ ಪಠ್ಯ ಇನ್ನೊಂದಿಲ್ಲ. ಇಂಥ ಚಟುವಟಿಕೆಗೆ ನಲವತ್ತು ನಿಮಿಷ ಸಾಲದು. ಎರಡು ಅವಧಿಗಳನ್ನು ಕೂಡಿಸಿ ಕೊಟ್ಟಾಗ ಮಾತ್ರ ಅದು ಸಾಧ್ಯ.

ಇದರಿಂದ ಕೆಲವು ಪ್ರಾಯೋಗಿಕ ಸೂಚನೆಗಳು ಹೊರಡುತ್ತವೆ. ಹೆಚ್ಚುವರಿ ಹೊತ್ತು ದಿನದ ಕೊನೆಗೆ ಅಂಟಿಕೊಳ್ಳಬಾರದು. ಇಂಗ್ಲಿಷಿನ ಮಾತು ಬೆಳಗಿನ ಅವಧಿಗೆ ಬಂದು, ಆಟ, ಹಾಡು, ಕನ್ನಡ ಕಥೆಯ ಓದು ಸಂಜೆಗೆ ಸರಿಯಬೇಕು. ಆ ಹೊತ್ತಿನ ಅರ್ಧ ಭಾಗವಾದರೂ ಕನ್ನಡದ ಓದಿಗೆ ಸಲ್ಲಬೇಕು, ಏಕೆಂದರೆ ಕನ್ನಡವನ್ನು ಅರ್ಥವರಿತು ಓದಲಾರದ ಮಗುವಿಗೆ ಇಂಗ್ಲಿಷಿನ ಓದು ಅಕ್ಷರಗಳ ಸಾಲಾಗಿಯೇ ಉಳಿಯುತ್ತದೆ. ತಾಂಡಾದ ಮಕ್ಕಳಿರುವ ಶಾಲೆಯಲ್ಲಿ ಮೊದಲ ಎರಡು ವರ್ಷ ಲಂಬಾಣಿಯಲ್ಲಿ ಮಾತಾಡಲು, ಕಥೆ ಹೇಳಲು ಅವಕಾಶ ಬೇಕು. ಶಿಕ್ಷಕರ ಸಿದ್ಧತೆಯ ಹೊತ್ತನ್ನು ಕಡಿತಗೊಳಿಸದೆ ಇನ್ನೊಬ್ಬ ಶಿಕ್ಷಕರನ್ನು ಒದಗಿಸುವುದು ಸಾಧ್ಯವಾಗದಿದ್ದರೆ ದಿನವನ್ನು ಹಿಗ್ಗಿಸದಿರುವುದೇ ಲೇಸು.

ಸಮಾರೋಪ

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಒಂದು ಘಟಿಕಾಸ್ಥಾನವಿತ್ತು. ಕಲ್ಯಾಣ ಚಾಲುಕ್ಯರ ಕಾಲದ 1058ರ ಶಾಸನ ಅಲ್ಲಿನ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಮತ್ತು ಆರು ಮಂದಿ ಸರಸ್ವತೀ ಭಾಂಡಾರಿಗರಿಗೆ, ಅಂದರೆ ಗ್ರಂಥಪಾಲಕರಿಗೆ, ಮಾಡಿದ ವ್ಯವಸ್ಥೆಯನ್ನು ದಾಖಲಿಸಿದೆ. ಅಲ್ಲಿ ಓದುತ್ತಿದ್ದವರು ಸಮಾಜದ ಮೇಲಿನ ಸ್ತರದ ಕೆಲವರೇ ಆಗಿದ್ದರು ಎಂಬುದು ನಿಜ. ಆದರೂ ದೀರ್ಘಕಾಲದ ಕಲಿಕೆಗೆ ಅನ್ನ, ಅಧ್ಯಾಪಕ ಮತ್ತು ಗ್ರಂಥ ಈ ಮೂರೂ ಬೇಕೆಂಬ ತಿಳಿವಳಿಕೆ ಆ ವ್ಯವಸ್ಥೆಯಲ್ಲಿದೆ. ಇಂದಿನ ಚರ್ಚೆಯಲ್ಲಿ ಹೊತ್ತನ್ನು ಮಾತ್ರ ಹೆಚ್ಚಿಸಿ ಈ ಮೂರನ್ನು ಹಾಗೆಯೇ ಬಿಡುವ ಪ್ರವೃತ್ತಿ ಕಾಣುತ್ತದೆ.

ಒಟ್ಟಿನಲ್ಲಿ, ಶಾಲಾ ದಿನದ ಉದ್ದ ಇಂಗ್ಲಿಷ್ ಬೋಧನೆಯ ಮೇಲೆ ಸ್ವತಂತ್ರವಾಗಿ ಪರಿಣಾಮ ಬೀರುವುದಿಲ್ಲ. ಈಗಾಗಲೇ ಇರುವ ಬೋಧನಾ ಕ್ರಮವನ್ನೇ ಅದು ಹಿಗ್ಗಿಸಿ ತೋರಿಸುತ್ತದೆ. ಕ್ರಮ ಒಳ್ಳೆಯದಾಗಿದ್ದರೆ ಫಲ ಹೆಚ್ಚುತ್ತದೆ, ಬಾಯಿಪಾಠ ಮತ್ತು ನಕಲು ಆಗಿದ್ದರೆ ದಣಿವು ಹೆಚ್ಚುತ್ತದೆ. ಮನೆಯಲ್ಲಿ ಓದಿನ ಆಸರೆಯಿಲ್ಲದ ಮಗುವಿಗೆ ಶಾಲೆಯ ಹೊತ್ತೇ ಏಕೈಕ ಆಸರೆಯಾದ್ದರಿಂದ ಆ ಹೊತ್ತಿನ ಬಗ್ಗೆ ಉದಾಸೀನ ತಾಳುವುದು ಸಲ್ಲದು. ಕನ್ನಡ ವಿಭಾಗಗಳು ಮಾಧ್ಯಮದ ಪ್ರಶ್ನೆಯನ್ನು ತಾತ್ತ್ವಿಕವಾಗಿ ಚರ್ಚಿಸುವುದರ ಜೊತೆಗೆ ಪ್ರಾಥಮಿಕ ಶಾಲೆಯ ವೇಳಾಪಟ್ಟಿಯನ್ನು ಅಧ್ಯಯನದ ಆಕರವಾಗಿ ಪರಿಗಣಿಸಬೇಕಾದ ಅಗತ್ಯವಿದೆ. ಯಾವ ಅವಧಿಯಲ್ಲಿ ಯಾವ ನುಡಿ ಕೇಳಿಬರುತ್ತದೆ, ಮಗು ಎಷ್ಟು ಹೊತ್ತು ಮಾತಾಡುತ್ತದೆ, ಯಾರು ಮೌನವಾಗಿರುತ್ತಾರೆ ಎಂಬ ವಿವರಗಳನ್ನು ಶಾಲೆಗಳಲ್ಲಿಯೇ ಕುಳಿತು ಸಂಗ್ರಹಿಸುವ ಸಂಶೋಧನೆ ನಡೆದರೆ, ಕನ್ನಡವೋ ಇಂಗ್ಲಿಷೋ ಎಂಬ ವಾದಕ್ಕೆ ಮಗುವಿನ ಕಡೆಯಿಂದ ಒಂದು ಸಾಕ್ಷ್ಯ ದೊರೆತಂತಾಗುತ್ತದೆ.